ಬೋಣಿ ಹೊತ್ತಿನ ಕ್ಯಾಮೆರಾ

ಜನವರಿ 24, 2011, ಸೋಮವಾರ

ಈ ಡೈರಿ ಆಸ್ಪತ್ರೆಯವರು ಹೊಸ ವರ್ಷಕ್ಕೆ ಕೊಟ್ಟದ್ದು. ಇಪ್ಪತ್ತೆರಡು ವರ್ಷ ದುಡಿದವಳ ಕೈಗೆ ಡೈರಿ ಕೊಟ್ಟು ಡಾರ್ಕ್ ರೂಮ್ ಕಿತ್ತುಕೊಂಡರು. ಬೈಯುವುದಕ್ಕಾದರೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಇವತ್ತಿನಿಂದ ನಾನು ಟೋಕನ್ ಕೌಂಟರು. ಎಕ್ಸ್‌ರೇಗೆ ಕಂಪ್ಯೂಟರ್ ಮೆಷಿನ್ ಬಂದಿದೆ, ನಾನು ಮಾಡುತ್ತಿದ್ದ ಎಕ್ಸ್‌ರೇ ತೆಗೆದು ಫಿಲ್ಮ್ ತೊಳೆಯುವ ಕೆಲಸವೇ ಇನ್ನಿಲ್ಲ. ಆ ಮೆಷಿನ್ನಿಗೆ ಸುಗ್ರಾ ಎನ್ನುವ ಹುಡುಗಿ ಬಂದಿದ್ದಾಳೆ. ಗುಂಡಿ ಒತ್ತಿದರೆ ಸಾಕು, ಮೂಳೆ ಪರದೆಯ ಮೇಲೆ ಬರುತ್ತದೆ. "ಅಕ್ಕಾ, ಇನ್ಮೇಲೆ ನಿಮ್ ಕೈ ಆ ಹೈಪೋ ಮದ್ದಿನ ವಾಸನೆ ಹೊಡಿಯಲ್ಲ ನೋಡಿ" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳೇನೋ. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು.

ಡಾರ್ಕ್ ರೂಮನ್ನು ಫೆಬ್ರವರಿ ಇಪ್ಪತ್ತೆಂಟಕ್ಕೆ ಒಡೆದು ಫೈಲು ಇಡುವ ಕೋಣೆ ಮಾಡುತ್ತಾರಂತೆ. ಅಲ್ಲಿಯವರೆಗೆ ಬೀಗದ ಕೈ ನನ್ನ ಹತ್ತಿರವೇ ಇದೆ. ಯಾರೂ ಕೇಳಲಿಲ್ಲ, ನಾನೂ ಕೊಡಲಿಲ್ಲ. ಆ ದಿನ ಮಾತ್ರ ರಜೆ ಹಾಕುತ್ತೇನೆ. ಸುತ್ತಿಗೆ ಸದ್ದು ಕೇಳಿಸಿಕೊಂಡು ಟೋಕನ್ ಹರಿದುಕೊಡಲು ನನ್ನಿಂದಾಗದು.

ಕೌಂಟರಿನಲ್ಲಿ ಒಬ್ಬರು "ಮೇಡಂ, ಚೆನ್ನಾಗಿದೀರಾ?" ಎಂದರು. ಯಾರೆಂದು ತಿಳಿಯಲಿಲ್ಲ. ಚೀಟಿಗೆ ಕೈ ಚಾಚಿದಾಗ ಗುರುತು ಸಿಕ್ಕಿತು. ಬಲಗೈ ಮಣಿಕಟ್ಟು, ಎರಡು ವರ್ಷದ ಹಿಂದೆ ಮುರಿದದ್ದು, ಸ್ವಲ್ಪ ಡೊಂಕಾಗಿ ಕೂಡಿಕೊಂಡಿದೆ. ಮುಖ ನೋಡಿ ಜನರನ್ನು ಗುರುತು ಹಿಡಿಯುವುದು ನನಗೆ ಮೊದಲಿನಿಂದಲೂ ಬರುವುದಿಲ್ಲ.

ಜನವರಿ 27, ಗುರುವಾರ

ನಮ್ಮ ಮನೆಯವರು ಬಸ್ಸು ಡಿಪೋಗೆ ಬಿಟ್ಟು ಬರುವಾಗ ಒಂದು ಹಾಳೆ ತಂದರು. ಯಲಹಂಕ ನ್ಯೂಟೌನಿನಲ್ಲಿ ಭಾನುವಾರದ ಫೋಟೋಗ್ರಫಿ ತರಗತಿ, ಅದೂ ಹಳೆ ಕಾಲದ ಫಿಲ್ಮ್ ಕ್ಯಾಮೆರಾದಲ್ಲಿ.

"ಸೀಟಿಗೆ ದುಡ್ಡು ಕಟ್ಟಿದೀನಿ. ಓದು" ಎಂದರು.

"ಕೇಳ್ದೇನೇ ಯಾಕ್ರೀ ಕಟ್ಟಿದ್ರಿ?"

"ನಾಲ್ಕು ದಿನದಿಂದ ಸಾರಿಗೆ ಉಪ್ಪು ಹಾಕಿಲ್ಲ ನೀನು. ಹೊರಗೆ ಹೋಗಿ ಏನಾದ್ರೂ ಕಲಿ ಮಾರಾಯ್ತಿ, ನಮ್ಗೂ ಊಟ ಸೇರ್ಲಿ."

ಅತ್ತೆ ದ್ರೌಪದಮ್ಮ ಹುರುಳಿಕಾಳು ಆರಿಸುತ್ತಾ ಕೂತಿದ್ದವರು ತಲೆಯೆತ್ತಿ, "ನಲವತ್ತೈದಕ್ಕೆ ಇಸ್ಕೂಲಾ? ಓಗು ಓಗು, ಬುತ್ತಿ ನಾನು ಕಟ್ತೀನಿ" ಎಂದರು. ತಾಯಿ ಮಗ ಇಬ್ಬರೂ ನಕ್ಕರು. ನಾನು ನಗಲಿಲ್ಲ.

ಜನವರಿ 30, ಭಾನುವಾರ

ಹೋಗಿ ಬಂದೆ. ಹತ್ತು ಜನ, ಎಲ್ಲರೂ ನನಗಿಂತ ಚಿಕ್ಕವರು. ಕಲಿಸುವವನು ಸತೀಶ್, ಮೂವತ್ತೂ ಇರಲಾರದು. ಎಡ ಭುಜದ ಮೂಳೆ ಬಲಕ್ಕಿಂತ ಒಂದು ಕೂದಲೆಳೆ ಮೇಲಿದೆ.

ಅವನ ನಿಯಮ ಇಷ್ಟು. ಡಿಜಿಟಲ್ ತರಬಾರದು, ತಾನಾಗಿಯೇ ಎಲ್ಲ ಮಾಡುವ ಕ್ಯಾಮೆರಾವೂ ಬೇಡ. ಎಲ್ಲವನ್ನೂ ಕೈಯಿಂದ ತಿರುಗಿಸುವ ಹಳೆಯದನ್ನು ಎಲ್ಲಿಂದಾದರೂ ಹುಡುಕಿ ತರಬೇಕು. ನಾಲ್ಕನೆಯ ಭಾನುವಾರ, ಎಂದರೆ ಫೆಬ್ರವರಿ ಇಪ್ಪತ್ತಕ್ಕೆ, ಪ್ರತಿಯೊಬ್ಬರೂ ತಾವೇ ತೆಗೆದ ಒಂದು ರೋಲಿನ ನೆಗೆಟಿವ್ ತೋರಿಸಬೇಕು. ತೋರಿಸದವರ ಜಾಗ ಕಾಯುತ್ತಿರುವ ಮೂವರಲ್ಲಿ ಒಬ್ಬರಿಗೆ ಹೋಗುತ್ತದೆ.

"ನೀವೇ ತೊಳೆದ್ರೆ ಇನ್ನೂ ಒಳ್ಳೇದು. ಇಲ್ಲಾಂದ್ರೆ ಲ್ಯಾಬಿಗೆ ಕೊಡಿ, ಪರವಾಗಿಲ್ಲ" ಎಂದ.

ಲ್ಯಾಬಿಗಾ? ಇಪ್ಪತ್ತೆರಡು ವರ್ಷ ಹೆಬ್ಬಾಳದ ಅರ್ಧ ಜನರ ಮೂಳೆ ತೊಳೆದವಳು ನಾನು. ಆ ಹತ್ತು ಜನರಲ್ಲಿ ಫಿಲ್ಮ್ ತೊಳೆಯುವ ತೊಟ್ಟಿಗೆ ಕೈ ಹಾಕಿದವಳು ನಾನೊಬ್ಬಳೇ. ಈ ಸೀಟು ನನಗೆ ಬೇಕು. ಈ ಕೈಗೆ ಟೋಕನ್ ಹರಿಯುವುದಕ್ಕಿಂತ ಹೆಚ್ಚಿನದೇನೋ ಬರುತ್ತದೆ ಎಂದು ಒಬ್ಬರಾದರೂ ಹೇಳಬೇಕು.

ಫೆಬ್ರವರಿ 2, ಬುಧವಾರ

ಕ್ಯಾಮೆರಾ ಬೇಟೆ. ಕೈಯಲ್ಲಿರುವುದು ಮೂರು ಸಾವಿರ, ಅದಕ್ಕಿಂತ ಒಂದು ರೂಪಾಯಿ ಮೇಲೆ ಹೋಗುವುದಿಲ್ಲ.

ಮೊದಲನೆಯದು ಬಾಗಲೂರಿನ ನಮ್ಮ ಸಂಬಂಧಿ ಮುನಿಗಂಗಮ್ಮನವರದು. ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಹತ್ತು ವರ್ಷ ಮಲಗಿತ್ತು. "ನಮ್ಮ ಹುಡುಗನ ಮದ್ವೇಲಿ ತಗಂಡಿದ್ದು, ಒಂದ್ ಗೀರಿಲ್ಲ ನೋಡು" ಎಂದರು. ಗೀರೇನೋ ಇರಲಿಲ್ಲ. ಕೆಳಗಿನ ಮುಚ್ಚಳ ತಿರುಗಿಸಿದರೆ ಬ್ಯಾಟರಿ ಒಡೆದು, ಹಸಿರು ಹಿಟ್ಟು ಉದುರಿತು. ಸೆಲ್ ಇಲ್ಲದೆ ಅದರ ಗುಂಡಿಯೇ ಕೆಳಗೆ ಇಳಿಯುವುದಿಲ್ಲ. ದುಡ್ಡು ಬೇಡ ಸುಮ್ಮನೆ ತಗೊಂಡು ಹೋಗು ಎಂದರೂ ಒಲ್ಲೆ ಎಂದು ಬಂದೆ. ಕಾಫಿ ಕುಡಿಸಿ ಕಳಿಸಿದರು, ಮುಖ ಮಾತ್ರ ಸಣ್ಣಗಾಗಿತ್ತು.

ಎರಡನೆಯದು ಯಶವಂತಪುರದ ಒಂದು ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ. ಫಳಫಳ ಹೊಳೆಯುತ್ತಿತ್ತು. ಅಂಗಡಿಯವನು "ಪೀಸ್ ಹೆಂಗಿದೆ ನೋಡಿ ಮೇಡಂ, ಹೊಸಾದ್ರಂಗೆ" ಎನ್ನುತ್ತಲೇ ಇದ್ದ. ನಾನು ಲೆನ್ಸ್ ಬಿಚ್ಚಿಸಿ, ಎದೆಯ ಎಕ್ಸ್‌ರೇ ಹಿಡಿಯುವ ಹಾಗೆ ಬಾಗಿಲಿನ ಬೆಳಕಿಗೆ ಹಿಡಿದೆ. ಗಾಜಿನ ಒಳಗೆ ಮೂಲೆಯಿಂದ ಬಿಳಿ ಎಳೆಗಳು ಹಬ್ಬಿದ್ದವು. "ಬೂಷ್ಟು ಹಿಡಿದಿದೆಯಲ್ಲಪ್ಪ" ಎಂದೆ. ಅವನು ಲೆನ್ಸ್ ಇಸಿದುಕೊಂಡು, "ನೀವು ಡಾಕ್ಟ್ರಾ?" ಎಂದು ಕೇಳಿದ. ಈ ವಾರದಲ್ಲಿ ಖುಷಿಯಾದದ್ದು ಅದೊಂದೇ ಮಾತಿಗೆ.

ಫೆಬ್ರವರಿ 5, ಶನಿವಾರ

ಸಿಕ್ಕಿತು!

ಆರ್.ಟಿ. ನಗರದ ಒಂದು ಅಡ್ಡರಸ್ತೆಯಲ್ಲಿ ಸಣ್ಣ ಸ್ಟುಡಿಯೋ. ಮಾಲೀಕರು ಮುನಿಆಂಜಿನಪ್ಪ, ಎಪ್ಪತ್ತರ ಹತ್ತಿರ, ಜಕ್ಕೂರಿನವರು. ಬೆನ್ನುಮೂಳೆ ಮೇಲ್ಭಾಗದಲ್ಲಿ ಬಾಗಿದೆ. ಈಗ ಪಾಸ್‌ಪೋರ್ಟ್ ಫೋಟೋ, ಜೆರಾಕ್ಸ್ ಅಷ್ಟೇ. ಹಿಂದಿನ ಗಾಜಿನ ಕಪಾಟಿನಲ್ಲಿ ಅವರ ಹಳೆಯ ಪೆಂಟಾಕ್ಸ್ ಇತ್ತು.

"ಮಾರ್ತೀನಿ. ಆದ್ರೆ ಯಾರ್‍ಯಾರಿಗೋ ಕೊಡಲ್ಲ" ಎಂದು ಒಂದು ಖಾಲಿ ರೋಲ್ ಕೈಗಿತ್ತರು. "ಕಣ್ಣು ಮುಚ್ಕಂಡು ಇದ್ನ ಒಳಗ್ ಹಾಕು, ನೋಡಾನ."

ನಾನು ಕ್ಯಾಮೆರಾ ಮುಟ್ಟಿದ್ದು ಅದೇ ಮೂರನೆಯ ಸಲ. ಕಣ್ಣು ಮುಚ್ಚಿದೆ. ಬೆರಳು ತಾನೇ ದಾರಿ ಹುಡುಕಿಕೊಂಡಿತು. ಫಿಲ್ಮಿನ ಅಂಚಿನ ತೂತು ಒಳಗಿನ ಚಕ್ರದ ಹಲ್ಲಿಗೆ ಕೂತದ್ದು ಗೊತ್ತಾಯಿತು, ಮುಚ್ಚಳ ಹಾಕಿದೆ.

"ಯಾವ ಸ್ಟುಡಿಯೋದಾಗಿದ್ದೆ ನೀನು?"

"ಆಸ್ಪತ್ರೆ ಸ್ಟುಡಿಯೋ" ಎಂದೆ. ಅವರಿಗೆ ಅರ್ಥವಾಗಲಿಲ್ಲ, ಆದರೂ ತಲೆಯಾಡಿಸಿದರು.

ಒಂದು ಸೆಕೆಂಡಿಗೆ ಇಟ್ಟು ಗುಂಡಿ ಒತ್ತಿದೆ. ನಮ್ಮ ಹಳೆಯ ಎಕ್ಸ್‌ರೇ ಟೈಮರ್ ಎಷ್ಟು ಹೊತ್ತು ಗುಂಯ್ಯೆನ್ನುತ್ತಿತ್ತೋ ಅಷ್ಟೇ ಸರಿಯಾಗಿ ತೆರೆದು ಮುಚ್ಚಿತು. ಗಾಜು ಶುದ್ಧ. ಬೆಳಕು ಅಳೆಯುವ ಮುಳ್ಳು ಮಾತ್ರ ಸತ್ತಿದೆ, ಅದಕ್ಕೇ ಬೆಲೆ ಕಡಿಮೆ. ಎರಡು ಸಾವಿರದ ಎಂಟುನೂರು. ಮುಳ್ಳಿನ ಬದಲಿಗೆ ಕ್ಯಾಲೆಂಡರ್ ಹಾಳೆಯ ಹಿಂದೆ ಮೂರು ಸಾಲು ಬರೆದುಕೊಟ್ಟರು: ಬಿಸಿಲಿಗೆ ಇಷ್ಟು, ನೆರಳಿಗೆ ಇಷ್ಟು, ಮನೆಯೊಳಗೆ ಇಷ್ಟು.

ಫೆಬ್ರವರಿ 6, ಭಾನುವಾರ

ತರಗತಿ ಮುಗಿಸಿ ಮಧ್ಯಾಹ್ನವೆಲ್ಲ ತಿರುಗಿದೆ. ಬಾವಿಕಟ್ಟೆ, ಅತ್ತೆಯ ರಾಗಿಕಲ್ಲು, ನಮ್ಮ ಮನೆಯವರ ಖಾಕಿ ಅಂಗಿ ತಂತಿಯ ಮೇಲೆ. ರೋಲಿನ ಮೂವತ್ತಾರು ಫೋಟೋ ಮುಗಿಯಿತು. ಕಾಲು ನೋಯುತ್ತಿದೆ.

ಫೆಬ್ರವರಿ 9, ಬುಧವಾರ

ಎಲ್ಲ ಕಪ್ಪು.

ಊಟದ ಬಿಡುವಿನಲ್ಲಿ ಡಾರ್ಕ್ ರೂಮ್ ಬೀಗ ತೆಗೆದು, ಕೆಂಪು ದೀಪ ಹಾಕಿ, ತೊಟ್ಟಿಗಳಿಗೆ ಹೊಸ ಮದ್ದು ಕಲಸಿದೆ. ಎಷ್ಟು ಹಾಯೆನಿಸಿತ್ತು! ರೋಲ್ ಬಿಚ್ಚಿ, ಎರಡೂ ತುದಿ ಹಿಡಿದು, ತೊಟ್ಟಿಲು ತೂಗಿದ ಹಾಗೆ ಮದ್ದಿನೊಳಗೆ ತೂಗಿದೆ. ಐದು ನಿಮಿಷ, ನೀರು, ಹೈಪೋ. ಒಂದು ಹೆಜ್ಜೆ ತಪ್ಪಲಿಲ್ಲ. ಎತ್ತಿ ನೋಡಿದರೆ ಉದ್ದಕ್ಕೂ ಕಾಡಿಗೆ ಬಳಿದ ರಿಬ್ಬನ್ನು. ಒಂದು ಗೆರೆ ಇಲ್ಲ, ಒಂದು ಚುಕ್ಕೆ ಇಲ್ಲ.

ಕ್ಯಾಮೆರಾ ಒಳಗೆ ಎಲ್ಲೋ ಬೆಳಕು ಸೋರುತ್ತಿದೆ. ಮುದುಕ ನನ್ನ ತಲೆಗೆ ಕಟ್ಟಿದ.

ಫೆಬ್ರವರಿ 10, ಗುರುವಾರ

ಕೆಲಸಕ್ಕೆ ಹೋಗುವ ಮುಂಚೆ ಹೋದೆ. ಮುನಿಆಂಜಿನಪ್ಪ ಆಗಷ್ಟೇ ಷಟರ್ ಎತ್ತಿ, ಹೊಸ್ತಿಲಿಗೆ ನೀರು ಹಾಕಿ, ಊದುಬತ್ತಿ ಹಚ್ಚುತ್ತಿದ್ದರು. ನಾನು ಕ್ಯಾಮೆರಾವನ್ನೂ ಆ ಕಪ್ಪು ಫಿಲ್ಮನ್ನೂ ಟೇಬಲ್ಲಿನ ಮೇಲೆ ಇಟ್ಟೆ.

"ಇದು ಬೇಡ. ನನ್ ದುಡ್ಡು ವಾಪಸ್ ಕೊಡಿ."

ಅವರು ಊದುಬತ್ತಿ ಹಿಡಿದುಕೊಂಡೇ ನಿಂತರು. "ಬೋಣಿ ಹೊತ್ನಾಗೆ ವಾಪಸ್ ತಂದ್ಯಲ್ಲಮ್ಮ" ಎಂದರು. ಬೈದಿದ್ದರೆ ನನಗೂ ಸುಲಭವಾಗುತ್ತಿತ್ತು. ಬೈಯಲಿಲ್ಲ.

ಫಿಲ್ಮನ್ನು ಕಿಟಕಿಗೆ ಹಿಡಿದು, "ಕ್ಯಾಮೆರಾ ಬಾಡಿ ಸೋರಿದ್ರೆ ಅಲ್ಲೊಂದ್ ಗೀರು ಇಲ್ಲೊಂದ್ ಗೀರು ಬತ್ತದೆ. ಇಂಗೆ ತೂತಿನ ಅಂಚ್ನಾಗೂ ಒಂದೇ ಸಮ ಕಪ್ಪಾಗಲ್ಲ. ತೊಳ್ದಿದ್ದು ಯಾರು? ಎಂಗೆ ತೊಳುದ್ರು?" ಎಂದು ಕೇಳಿದರು.

"ತೊಳೆದಿದ್ದು ನಾನು. ಇಪ್ಪತ್ತೆರಡು ವರ್ಷದಿಂದ ತೊಳೀತಿದೀನಿ. ನನಗೆ ಹೇಳಿಕೊಡಬೇಡಿ ಯಜಮಾನ್ರೇ."

ಅವರು ಬಾಯಿ ತೆರೆದರು, ಮತ್ತೆ ಮುಚ್ಚಿದರು. ಗಲ್ಲಾಪೆಟ್ಟಿಗೆ ಖಾಲಿ ಇತ್ತು. ಜೇಬಿನಿಂದ ದುಡ್ಡು ತೆಗೆದು ಕೊಟ್ಟರು. ಬಂದುಬಿಟ್ಟೆ.

ಸರಿಯಾಗಿಯೇ ಮಾಡಿದೆ. ಯಾಕೋ ಕೌಂಟರಿನಲ್ಲಿ ಎರಡು ಸಲ ಟೋಕನ್ ತಪ್ಪು ಕೊಟ್ಟೆ.

ಫೆಬ್ರವರಿ 13, ಭಾನುವಾರ

ಕ್ಯಾಮೆರಾ ಇಲ್ಲದೆ ತರಗತಿಗೆ ಹೋದವಳು ನಾನೊಬ್ಬಳೇ. ಸತೀಶ್ ತನ್ನದೊಂದನ್ನು ಕೊಟ್ಟ. "ಇದರಲ್ಲಿ ತೆಗೀರಿ ಮೇಡಂ, ಬುಧವಾರ ಸಂಜೆ ವಾಪಸ್ ಕೊಡಿ. ಆಮೇಲೆ ಬೇರೆಯವ್ರಿಗೆ ಕೊಡ್ತೀನಿ ಅಂತ ಹೇಳಿದೀನಿ. ಇಪ್ಪತ್ತನೇ ತಾರೀಕನ್ನ ಮುಂದಕ್ಕೆ ಹಾಕೋದು ಮಾತ್ರ ನನ್ ಕೈಯಲ್ಲಿಲ್ಲ, ಸಾರಿ." ಪಾಪ, ಹೇಳುವಾಗ ಅವನೇ ಕೆಂಪಾದ.

ಒಂದೇ ಮಧ್ಯಾಹ್ನದಲ್ಲಿ ಇಡೀ ರೋಲ್ ಮುಗಿಸಿದೆ.

ಫೆಬ್ರವರಿ 16, ಬುಧವಾರ

ಇದೂ ಕಪ್ಪು. ಸತೀಶನ ಕ್ಯಾಮೆರಾ, ಹೋದ ವಾರವಷ್ಟೇ ಅವನು ಅದರಲ್ಲಿ ತೆಗೆದ ಫೋಟೋಗಳನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಅದೂ ಸೋರುತ್ತದೆಯೇ?

ಡಾರ್ಕ್ ರೂಮಿನ ಸ್ಟೂಲಿನ ಮೇಲೆ ಕೂತುಬಿಟ್ಟೆ. ತಲೆಯ ಮೇಲೆ ಕೆಂಪು ದೀಪ. ಟ್ರೈನಿಂಗ್ ದಿನಗಳಲ್ಲಿ ಮೇಷ್ಟ್ರು ಮಾಡಿಸಿದ್ದೊಂದು ನೆನಪಾಯಿತು. ದೀಪದ ಮೇಲೆ ಅನುಮಾನ ಬಂದರೆ ಫಿಲ್ಮಿನ ಮೇಲೆ ಒಂದು ನಾಣ್ಯ ಇಟ್ಟು ನೋಡಿ ಎನ್ನುತ್ತಿದ್ದರು. ನಾಣ್ಯದ ಗುರುತು ಮೂಡಿದರೆ ದೀಪವೇ ಕಳ್ಳ.

ಸ್ವಿಚ್ ಆರಿಸಿದೆ. ಈ ಕೋಣೆಯಲ್ಲಿ ಬಾಗಿಲು ಹಾಕಿಕೊಂಡ ಮೇಲೆ ನಾನು ಆ ದೀಪ ಆರಿಸಿದ್ದು ಇದೇ ಮೊದಲು. ಹೊಸ ರೋಲಿನಿಂದ ಗೇಣುದ್ದ ತುಂಡನ್ನು ಕತ್ತಲಲ್ಲೇ ಕತ್ತರಿಸಿ, ಪರ್ಸಿನಿಂದ ಒಂದು ರೂಪಾಯಿ ತೆಗೆದು ಅದರ ಮೇಲಿಟ್ಟೆ. ಎರಡು ನಿಮಿಷ ದೀಪ ಹಾಕಿದೆ. ಮತ್ತೆ ಆರಿಸಿ ತೊಳೆದೆ.

ಕಪ್ಪು ತುಂಡು. ಅದರ ನಡುವೆ ಗಾಜಿನಷ್ಟು ತಿಳಿಯಾದ ಒಂದು ಗುಂಡನೆಯ ರೂಪಾಯಿ.

ಎಕ್ಸ್‌ರೇ ಫಿಲ್ಮಿಗೆ ಕೆಂಪು ಬೆಳಕು ಕಾಣುವುದಿಲ್ಲ. ಕ್ಯಾಮೆರಾದ ಈ ಫಿಲ್ಮಿಗೆ ಎಲ್ಲವೂ ಕಾಣುತ್ತದೆ, ಕೆಂಪೂ ಕಾಣುತ್ತದೆ. ಇಷ್ಟೇ ವಿಷಯ. ಎರಡೂ ರೋಲನ್ನು ಸುಟ್ಟದ್ದು ನನ್ನ ದೀಪ. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ.

ಫೆಬ್ರವರಿ 17, ಗುರುವಾರ

ಆ ಮನುಷ್ಯನ ಬೋಣಿ ಕೆಡಿಸಿದೆ. ನಾಚಿಕೆಯಾಗುತ್ತಿದೆ.

ಅತ್ತೆಗೆ ಎಲ್ಲ ಹೇಳಿದೆ. ಗದರುತ್ತಾರೆ ಎಂದುಕೊಂಡಿದ್ದೆ. "ಕೆಡ್ಸಿದ್ದು ಬೋಣಿ ತಾನೆ? ಬೋಣಿ ಹೊತ್ಗೇ ಓಗಿ ಸರಿ ಮಾಡು. ಮಧ್ಯಾನ ಓದ್ರೆ ಲೆಕ್ಕಕ್ಕಿಲ್ಲ" ಎಂದರು.

ಫೆಬ್ರವರಿ 18, ಶುಕ್ರವಾರ

ಅವರು ಬರುವ ಮುಂಚೆಯೇ ಹೋಗಿ ಷಟರ್ ಮುಂದೆ ನಿಂತೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಕ್ಯಾಮೆರಾ ಮಾರಿಬಿಟ್ಟಿದ್ದರೆ? ಉಳಿದಿರುವುದು ಎರಡೇ ದಿನ.

ನನ್ನನ್ನು ನೋಡಿದವರೇ, "ಏನಮ್ಮ, ಇವತ್ತೇನ್ ವಾಪಸ್ ತಂದೆ?" ಎಂದರು.

"ಬೋಣಿ ತಂದಿದೀನಿ" ಎಂದೆ. ದುಡ್ಡನ್ನೂ, ರೂಪಾಯಿ ಗುರುತಿನ ಆ ಫಿಲ್ಮ್ ತುಂಡನ್ನೂ ಮುಂದಿಟ್ಟೆ. "ತಪ್ಪು ನಂದು. ಕೆಂಪು ದೀಪ ಹಾಕ್ಕೊಂಡು ತೊಳೆದೆ. ಆವತ್ತು ಬಾಯಿಗೆ ಬಂದ ಹಾಗೆ ಮಾತಾಡಿದೆ. ಕ್ಷಮಿಸಿ."

ತುಂಡನ್ನು ಕಿಟಕಿಗೆ ಹಿಡಿದು ನೋಡಿದರು. ಭುಜ ಕುಲುಕತೊಡಗಿತು. ನಗುತ್ತಿದ್ದಾರೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ಪ್ರಿಂಟ್ ಹಾಕೋ ಪೇಪರಿಗೆ ಆದ್ರೆ ಕೆಂಪ್ ದೀಪ ಸರಿ, ಫಿಲ್ಮಿಗಲ್ಲ. ನಾನ್ ಒಸದಾಗಿ ಕೆಲ್ಸ ಕಲಿವಾಗ ಒಂದ್ ಇಡೀ ಮದ್ವೆ ಇಂಗೇ ಕಪ್ಪು ಮಾಡ್ದೆ ಕಣಮ್ಮ. ಗಂಡು ಎಣ್ಣು ಇಬ್ರನ್ನೂ ಮತ್ತೆ ಸಿಂಗಾರ ಮಾಡ್ಸಿ, ಜಕ್ಕೂರು ಕೆರೆ ಏರಿ ಮ್ಯಾಲೆ ನಿಲ್ಸಿ ತೆಗ್ದೆ. ಬಾಸಿಂಗ ಕಟ್ಟೋಕೆ ಅವ್ರಮ್ಮ ಒಪ್ಪಲೇ ಇಲ್ಲ, ಎರಡ್ ಸಲ ಕಟ್ಟಬಾರದು ಅಂತ."

"ಹಾಗಾದ್ರೆ ಆವತ್ತೇ ಹೇಳಬಹುದಿತ್ತಲ್ಲ?"

"ಏಳಕ್ ಬಾಯಿ ತೆಗ್ದೆ. ನೀನ್ ಬಿಟ್ಯಾ?"

ಮೇಜಿನ ಕೆಳಗಿನಿಂದ ನ್ಯೂಸ್‌ಪೇಪರ್ ಸುತ್ತಿದ ಗಂಟೊಂದನ್ನು ತೆಗೆದರು. ನನ್ನ ಪೆಂಟಾಕ್ಸ್! ಇಬ್ಬರು ಬಂದು ಕೇಳಿದ್ದರಂತೆ, ಕೊಡಲಿಲ್ಲವಂತೆ. "ಕಣ್ಣು ಮುಚ್ಕಂಡು ರೋಲ್ ಹಾಕಿದವಳು, ತಪ್ಪು ಗೊತ್ತಾದ್ಮೇಲೆ ಮನ್ಯಾಗ್ ಕೂರಲ್ಲ" ಎಂದರು.

ದುಡ್ಡನ್ನು ಕಣ್ಣಿಗೊತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕಿದರು. ಅವರ ಬಲಗೆನ್ನೆಯಲ್ಲಿ ನಕ್ಕಾಗ ಗುಳಿ ಬೀಳುತ್ತದೆ. ಎಪ್ಪತ್ತು ವರ್ಷದ ಮನುಷ್ಯನಿಗೆ ಗುಳಿ! ಬಸ್ಸಿನಲ್ಲಿ ಸೀಟು ಸಿಗಲಿಲ್ಲ, ನಿಂತುಕೊಂಡೇ ಬಂದೆ, ಗೊತ್ತೇ ಆಗಲಿಲ್ಲ.

ಫೆಬ್ರವರಿ 19, ಶನಿವಾರ

ಬೆಳಿಗ್ಗೆ ಅರ್ಧ ದಿನ ರಜೆ ಹಾಕಿ ಫೋಟೋ ತೆಗೆದೆ. ಬಾವಿಕಟ್ಟೆ ಸಾಕೆನಿಸಿತ್ತು. ರೈಲ್ವೆ ಗೇಟಿನಲ್ಲಿ ಹೂ ಮಾರುವ ರತ್ನಕ್ಕ, ಬಾಗಿಲಲ್ಲಿ ಕೂತು ಎಲೆಗೆ ಸುಣ್ಣ ಸವರುವ ಅತ್ತೆ, ಶೂ ಲೇಸು ಕಟ್ಟುತ್ತಾ "ಸಾಕು ಬಿಡೇ, ಡ್ಯೂಟಿಗೆ ಟೈಮಾಯ್ತು" ಎನ್ನುವ ನಮ್ಮ ಮನೆಯವರು.

ಮಧ್ಯಾಹ್ನ ಡಾರ್ಕ್ ರೂಮಿಗೆ ಹೋದೆ. ಬಾಗಿಲ ಸಂದಿಗೆ ಬಟ್ಟೆ ತುರುಕಿ ದೀಪ ಆರಿಸಿದೆ. ಕಣ್ಣು ಬಿಟ್ಟರೂ ಒಂದೇ, ಮುಚ್ಚಿದರೂ ಒಂದೇ. ಮೊದಲು ಹೆದರಿಕೆಯಾಯಿತು. ಕೈಗೆ ಮಾತ್ರ ಯಾವ ಹೆದರಿಕೆಯೂ ಇರಲಿಲ್ಲ. ತೊಟ್ಟಿ ಎಲ್ಲಿ, ನೀರು ಎಲ್ಲಿ, ಹೈಪೋ ಎಷ್ಟು ದೂರ, ಎಲ್ಲವೂ ಅದಕ್ಕೆ ಗೊತ್ತಿತ್ತು. ಮುನ್ನೂರರವರೆಗೆ ಎಣಿಸುತ್ತಾ ತೂಗಿದೆ. ಹೈಪೋದಿಂದ ಎತ್ತಿ ದೀಪ ಹಾಕಿದೆ.

ಬಂದಿದೆ. ದೇವರೇ, ಬಂದಿದೆ! ಒಂದರ ಪಕ್ಕ ಒಂದು, ಸಣ್ಣ ಸಣ್ಣ ಕಿಟಕಿಗಳು. ಜೋರಾಗಿ ಕೂಗಿದೆನೇನೋ, ಸುಗ್ರಾ ಹೊರಗಿನಿಂದ ಬಾಗಿಲು ಬಡಿದು, "ಅಕ್ಕಾ, ಏನಾಯ್ತು?" ಎಂದಳು. ಒಳಗೆ ಕರೆದು ತೋರಿಸಿದೆ. "ಅಯ್ಯೋ, ನಿಮ್ ಕೈಯಲ್ಲಿ ಎಷ್ಟು ಚೆನ್ನಾಗಿ ಬಂದಿದೆ! ನಂಗೂ ಹೇಳ್ಕೊಡ್ತೀರಾ?" ಎಂದು ಕೇಳಿದಳು. ಆಗಲಿ ಎಂದೆ.

ಫೆಬ್ರವರಿ 20, ಭಾನುವಾರ

ಸೀಟು ಉಳಿಯಿತು.

ಸತೀಶ್ ನೆಗೆಟಿವನ್ನು ಟ್ಯೂಬ್‌ಲೈಟಿಗೆ ಹಿಡಿದು ಬಹಳ ಹೊತ್ತು ನೋಡಿದ. "ಯಾವ ಲ್ಯಾಬ್ ಮೇಡಂ? ಇಷ್ಟು ಕ್ಲೀನಾಗಿ ಬೆಂಗಳೂರಲ್ಲಿ ಯಾರು ತೊಳೀತಾರೆ?" ಎಂದ. ನಾನೇ ಎಂದೆ. ಮುಂದಿನ ತಿಂಗಳಿಂದ ಎಲ್ಲರಿಗೂ ತೊಳೆಯುವುದನ್ನು ನೀವೇ ಕಲಿಸಿ, ಮಹಡಿ ಮೇಲಿನ ಬಚ್ಚಲು ಕೋಣೆಗೆ ಕಪ್ಪು ಪರದೆ ಹಾಕಿಸುತ್ತೇನೆ ಎಂದ. ಮನೆಗೆ ಬಂದು ಸಾರು ಮಾಡಿದೆ, ಉಪ್ಪು ಸರಿಯಾಗಿದೆ ಎಂದರು ನಮ್ಮ ಮನೆಯವರು.

ಫೆಬ್ರವರಿ 28, ಸೋಮವಾರ

ಇವತ್ತು ಕೌಂಟರಿನಲ್ಲಿ ಬಿಡುವಿಲ್ಲದ ಜನ. ಒಬ್ಬಾಕೆಯ ಮೂಗುತಿಗೆ ಬಾಗಿಲಿನ ಬಿಸಿಲು ಬಿದ್ದು ಕೆನ್ನೆಯ ಮೇಲೆ ಒಂದು ಚುಕ್ಕೆ ಕುಣಿಯುತ್ತಿತ್ತು. ಕ್ಯಾಮೆರಾ ಕೈಯಲ್ಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಸಂಜೆ ನಾಲ್ಕಕ್ಕೆ ಸುಗ್ರಾ ಬಂದು ಹತ್ತಿಯಲ್ಲಿ ಸುತ್ತಿದ ಏನನ್ನೋ ಕೈಗಿತ್ತಳು. ಅವಳ ಎಡ ಹುಬ್ಬಿನ ನಡುವೆ ಒಂದು ಸಣ್ಣ ಗಾಯದ ಗೆರೆ ಇದೆ. ಒಂದು ತಿಂಗಳಿನಿಂದ ನೋಡುತ್ತಿದ್ದೇನೆ, ಇವತ್ತು ಕಂಡಿತು.

"ಅಕ್ಕಾ, ಗೋಡೆ ಒಡೆಯೋರು ಬಂದಿದ್ರಲ್ಲ, ಇದೊಂದನ್ನ ಎತ್ತಿಟ್ಟೆ" ಎಂದಳು. ಕೆಂಪು ಬಲ್ಬು. ಆಗ ನೆನಪಾಯಿತು, ಇವತ್ತು ಇಪ್ಪತ್ತೆಂಟು. ಬೆಳಿಗ್ಗೆ ಆಫೀಸಿನವರು ಕೇಳಿದಾಗ ಬೀಗದ ಕೈಯನ್ನು ನಾನೇ ಕೊಟ್ಟಿದ್ದೆ, ಯಾಕೆಂದು ಕೇಳುವುದನ್ನೂ ಮರೆತಿದ್ದೆ. ಆ ಜನದ ಗದ್ದಲದಲ್ಲಿ ಸುತ್ತಿಗೆ ಸದ್ದೂ ಕಿವಿಗೆ ಬಿದ್ದಿರಲಿಲ್ಲ, ರಜೆ ಹಾಕಬೇಕೆಂದಿದ್ದದ್ದಂತೂ ಜ್ಞಾಪಕವೇ ಇರಲಿಲ್ಲ.

ಮನೆಗೆ ತಂದರೆ ಅತ್ತೆ ಬಲ್ಬನ್ನು ತಿರುಗಿಸಿ ತಿರುಗಿಸಿ ನೋಡಿ, "ಸೆನ್ನಾಗದೆ. ದೇವರ ಮನೇದು ಸುಟ್ಟೋಗಿ ತಿಂಗಳಾಯ್ತು, ಅಲ್ಲಿಗ್ ಹಾಕು" ಎಂದರು. ಹಾಕಿದೆ. ಸಂಜೆ ಹೊತ್ತು, ಉಳಿದ ದೀಪ ಇನ್ನೂ ಹಾಕಿರಲಿಲ್ಲ. ಅತ್ತೆ ಕೈಮುಗಿದು ಕೂತರು. ಕೆಂಪು ಬೆಳಕು ಅವರ ಹಣೆಯ ಗೆರೆಗಳಲ್ಲಿ, ಮೂಗಿನ ಪಕ್ಕದಲ್ಲಿ, ಕಿವಿಯ ಓಲೆಯಲ್ಲಿ ಕೂತಿತು. ಇಪ್ಪತ್ತು ವರ್ಷದಿಂದ ಒಂದೇ ಮನೆಯಲ್ಲಿದ್ದೇವೆ. ಅತ್ತೆ ಇಷ್ಟು ಚೆಲುವೆ ಎಂದು ನನಗೆ ಗೊತ್ತಿರಲಿಲ್ಲ.

ಓಡಿ ಹೋಗಿ ಕ್ಯಾಮೆರಾ ತಂದು, ಅಕ್ಕಿ ಡಬ್ಬದ ಮೇಲೆ ಇಟ್ಟೆ. ಮುನಿಆಂಜಿನಪ್ಪನವರ ಮೂರು ಸಾಲಿನಲ್ಲಿ ದೇವರ ಮನೆಗೆ ಎಷ್ಟು ಎಂದು ಇಲ್ಲ. ಇರಲಿ. ಈ ಬೆಳಕು ಈ ಫಿಲ್ಮಿಗೆ ಎಷ್ಟು ಚೆನ್ನಾಗಿ ಕಾಣುತ್ತದೆ ಎಂದು ನನಗಿಂತ ಬಲ್ಲವರು ಯಾರು? ಗುಂಡಿ ಒತ್ತಿ ಹಿಡಿದಷ್ಟು ಹೊತ್ತೂ ತೆರೆದೇ ಇರುವ ಹಾಗೆ ತಿರುಗಿಸಿಕೊಂಡೆ.

"ಅತ್ತೆ, ಅಲ್ಲಾಡಬೇಡಿ. ಉಸಿರು ಹಿಡ್ಕೊಳ್ಳಿ" ಎಂದೆ. ಇಪ್ಪತ್ತೆರಡು ವರ್ಷ ಎಷ್ಟು ಸಾವಿರ ಜನಕ್ಕೆ ಹೇಳಿದ ಮಾತೋ.

ಅತ್ತೆ ಹಿಡಿದುಕೊಂಡರು. ಒತ್ತಿದೆ. ಒಂದು, ಎರಡು, ಮೂರು ಎಂದು ಎಂಟರವರೆಗೆ ಎಣಿಸಿದೆ. ನಾನೂ ಹಿಡಿದುಕೊಂಡಿದ್ದೆ.

"ಹ್ಞಾಂ, ಬಿಡಿ" ಎಂದೆ. ಇಬ್ಬರೂ ಬಿಟ್ಟೆವು.